ಮಾಸ್ ಎಫೆಕ್ಟ್ ನಾವೆಲ್‌ಗಳು: ಯಾವ್ದು ಓದ್ಬೇಕು, ಯಾವ್ದು ಬಿಡ್ಬೇಕು

ಮಾಸ್ ಎಫೆಕ್ಟ್ ಅನ್ನೋ ಅಂತರಿಕ್ಷದ ಕತೆಯ ವಿಡಿಯೋ ಗೇಮನ್ನ ಹಗಲು ರಾತ್ರಿ ಆಡಿರೋ ಎಷ್ಟೋ ಜನಕ್ಕೆ ಅದ್ರದ್ದು ಏಳು ನಾವೆಲ್ ಇದಾವೆ ಅಂತಾನೇ ಗೊತ್ತಿರಲ್ಲ. ಮೊದಲ ಮೂರು ಗೇಮಿನ ಹಳೇ ಟ್ರಿಲಜಿಗೆ ಸೇರಿದ್ದು ನಾಲ್ಕು, 2007ರಿಂದ 2012ರೊಳಗೆ ಬಂದಿದ್ವು. ಆಮೇಲೆ ಬಂದ ಆಂಡ್ರೊಮಿಡಾ ಅನ್ನೋ ಗೇಮಿಗೆ ಸೇರಿದ್ದು ಮೂರು, 2017-18ರಲ್ಲಿ. ಮಂಡ್ಯ-ಮೈಸೂರು ಟ್ರೈನಲ್ಲಿ ಓಡಾಡ್ತಾ ಫೋನಲ್ಲೇ ಎಲ್ಲಾ ಓದ್ದೆ. ಅಳೆಯೋಕೆ ನಂದು ಒಂದೇ ಲೆಕ್ಕ, ಗೇಮಲ್ಲಿ ನಾನು ನೋಡದೇ ಇರೋದನ್ನ ಪುಸ್ತಕ ತೋರಿಸುತ್ತಾ, ಇಲ್ವಾ ಅಂತ. ಸ್ಪಾಯ್ಲರ್ ಇದಾವೆ, ಬೇಡ ಅನ್ನೋರು ಇಲ್ಲೇ ನಿಲ್ಸಿ.

ನನ್ನ ಪ್ರಕಾರ ಫಸ್ಟು ಅಸೆನ್ಶನ್, 2008ರದ್ದು, ಬರೆದೋರು ಡ್ರೂ ಕಾರ್ಪಿಶಿನ್. ಮೊದಲ್ನೇ ಗೇಮಿಗೂ ಲೀಡ್ ರೈಟರ್ ಅವರೇ. ಕ್ವೇರಿಯನ್ ಅನ್ನೋ ಅನ್ಯಗ್ರಹದೋರು ಮನೆ ಮಾಡ್ಕೊಂಡಿರೋ ಆಕಾಶಹಡಗುಗಳನ್ನ ಎರಡನೇ ಗೇಮು 2010ರಲ್ಲಿ ತೋರಿಸ್ತು, ಅಷ್ಟೊತ್ತಿಗಾಗ್ಲೇ ಈ ಪುಸ್ತಕ ಅಲ್ಲೆಲ್ಲಾ ಸುತ್ತಾಡಿಸಿ ಆಗಿತ್ತು. ಒಂದೊಂದು ಸಂಸಾರಕ್ಕೆ ಒಂದೊಂದು ಪುಟಾಣಿ ಜಾಗ, ಬಾಗ್ಲಿಲ್ಲ, ಬಾಗ್ಲಿರೋ ಕಡೆ ಬಣ್ಣಬಣ್ಣದ ದಪ್ಪ ಬಟ್ಟೆ ಇಳಿಬಿಟ್ಟಿರ್ತಾರೆ, ಅಕ್ಕಪಕ್ಕದವರ ಮಾತೆಲ್ಲಾ ಕೇಳುತ್ತೆ, ನಮ್ಮ ಅಗ್ರಹಾರದ ಹಳೇ ವಠಾರಾನೇ ಆಕಾಶಕ್ಕೆ ಹಾರಿಬಿಟ್ಟಂಗೆ ಕಣ್ರೀ. ಗೇಮಲ್ಲಿ ಟಾಲಿ ಅನ್ನೋ ಕ್ವೇರಿಯನ್ ಹುಡುಗಿ ಜತೆ ಅಲ್ಲಿಗೆ ಹೋದಾಗ ನಮಗೆ ಸಿಗೋದು ಕೋರ್ಟ್ ಸೀನು, ಆಮೇಲೆ ಗನ್ ಫೈಟು, ಅವರು ಬದುಕೋದು ಹೆಂಗೆ ಅಂತ ನೋಡೋಕೆ ಟೈಮೇ ಕೊಡಲ್ಲ. ಗುಪ್ತ ಸಂಘಟನೆಯೊಂದರ ಬಾಸ್ ಇಲ್ಯೂಸಿವ್ ಮ್ಯಾನ್ ಮೊದಲ ಸಲ ಬರೋದೂ ಈ ಪುಸ್ತಕದಲ್ಲೇ, ಅವನ ಮಾತು ಕೇಳ್ಕೊಂಡು ಸ್ವಂತ ಮಗಳ ಥರ ಸಾಕಿರೋ ಹುಡುಗಿನೇ ಪ್ರಯೋಗಕ್ಕೆ ಒಪ್ಪಿಸಿರೋ ಗ್ರೇಸನ್ ಅನ್ನೋನೂ ಇದ್ರಲ್ಲೇ ಇದಾನೆ. ಭಾಷೆ ಮಾತ್ರ ಸಪ್ಪೆ, ಅದನ್ನ ಒಪ್ಕೋಬೇಕು.

ಇದಕ್ಕೆ ಸರಿಯಾಗಿ ಟಕ್ಕರ್ ಕೊಡೋದು ಆಂಡ್ರೊಮಿಡಾದ ಆನಿಹಿಲೇಶನ್, ಕ್ಯಾಥರಿನ್ ವ್ಯಾಲೆಂಟೆ ಬರೆದಿರೋದು. ನಮ್ಮ ಚಿಕ್ಕಮ್ಮನ ಮಗಳು ಸರಸ್ವತಿಪುರಂನಲ್ಲಿದಾಳೆ, ಜನ್ಮದಲ್ಲಿ ಕಂಟ್ರೋಲರ್ ಮುಟ್ಟಿದವಳಲ್ಲ, ಇದನ್ನ ಎರಡೇ ಸಿಟ್ಟಿಂಗಲ್ಲಿ ಮುಗಿಸಿ "ಅಣ್ಣ, ನೀನು ಗೇಮ್ ಆಡಿದೀಯ, ಅದಕ್ಕೇ ನಿಂಗೆ ಅಸೆನ್ಶನ್ ಇಷ್ಟ, ಬರೀ ಕತೆ ಅಂತ ನೋಡಿದ್ರೆ ಇದೇ ಫಸ್ಟು" ಅಂತ ಕೂತಿದಾಳೆ. ಅವಳು ಹೇಳೋದ್ರಲ್ಲೂ ಅರ್ಥ ಇದೆ. ಎಲ್ರೂ ಮಂಜುಪೆಟ್ಟಿಗೇಲಿ ಮಲಗಿರೋ ದೊಡ್ಡ ಹಡಗು, ಒಂದು ಜೀವಿಜಾತಿಯಿಂದ ಇನ್ನೊಂದು ಜೀವಿಜಾತಿಗೆ ಹಾರ್‍ತಾ ಇರೋ ರೋಗ, ಕಂಡುಹಿಡಿಯೋಕೆ ಎಚ್ಚರ ಇರೋರು ಒಂದಷ್ಟೇ ಜನ. ಅದ್ರಲ್ಲಿ ಯಾರಿಕ್ ಅಂತ ಒಬ್ಬ ಡಾಕ್ಟ್ರು, ಎಲ್ಕೋರ್ ಅನ್ನೋ ಅನ್ಯಗ್ರಹ ಜಾತಿಯವನು. ಎಲ್ಕೋರ್‌ಗಳ ದನಿಯಲ್ಲಿ ಏರಿಳಿತ ಇರಲ್ಲ, ಹಂಗಾಗಿ ಪ್ರತಿ ಮಾತಿಗೂ ಮುಂಚೆ "ಬೇಜಾರಿಂದ", "ಗಾಬರಿಯಿಂದ" ಅಂತ ಬಾಯಲ್ಲೇ ಹೇಳಿ ಆಮೇಲೆ ವಿಷಯಕ್ಕೆ ಬರ್‍ತಾರೆ. ಗೇಮಲ್ಲಿ ಅದು ಬರೀ ಕಾಮಿಡಿ, ಇಲ್ಲಿ ಹೆಣಗಳ ಮಧ್ಯೆ ನಿಂತು ಅದೇ ಥರ ಮಾತಾಡ್ತಾನಲ್ಲ, ಪಾಂಡವಪುರ ಸ್ಟೇಷನ್ ಬಂದಿದ್ದೂ ಗೊತ್ತಾಗ್ಲಿಲ್ಲ ನಂಗೆ. ಆಂಡ್ರೊಮಿಡಾ ಗೇಮಿನ ಕೊನೇಲಿ ಈ ಹಡಗಿಂದ ಹತ್ರ ಬರ್ಬೇಡಿ ಅಂತ ಒಂದು ಮೆಸೇಜ್ ಬರುತ್ತೆ ಅಷ್ಟೇ, ಮುಂದಿನ ಡಿಎಲ್‌ಸಿ, ಅಂದ್ರೆ ಗೇಮಿಗೆ ಆಮೇಲೆ ಸೇರಿಸೋ ಕತೆ, ಬರಲೇ ಇಲ್ಲ, ಏನಾಯ್ತು ಅಂತ ತಿಳೀಬೇಕಂದ್ರೆ ಇದೇ ಗತಿ. ಆದ್ರೂ ನಾನು ಎರಡನೇ ಜಾಗಾನೇ ಕೊಡೋದು, ಮಧ್ಯದಲ್ಲಿ ಸ್ವಲ್ಪ ಜಾಸ್ತೀನೇ ಮಾತಾಡ್ತಾರೆ.

ಮೂರು ರೆಟ್ರಿಬ್ಯೂಷನ್. ರೀಪರ್ ಅನ್ನೋ ದೈತ್ಯ ಯಂತ್ರಗಳು ಮನುಷ್ಯನ ತಲೆ ಹೊಕ್ಕೋದನ್ನ ಗೇಮಲ್ಲಿ ಹೊರಗಡೆಯಿಂದ ನೋಡ್ತೀವಿ, ಇಲ್ಲಿ ಗ್ರೇಸನ್ ತಲೆಯೊಳಗೇ ಕೂತಿರ್ತೀವಿ, ಅವನ ಕೈಕಾಲು ಅವನ ಮಾತು ಕೇಳಲ್ಲ, ಅವನಿಗೆ ಎಲ್ಲಾ ಗೊತ್ತಾಗ್ತಿರುತ್ತೆ.

ನಾಲ್ಕು ರೆವೆಲೇಶನ್. ಗೇಮಿಗಿಂತ ಮುಂಚೆ, 2007ರ ಮೇನಲ್ಲೇ ಬಂದಿತ್ತು. ಮನುಷ್ಯರ ಸೈನ್ಯದ ಆಂಡರ್ಸನ್ ಸ್ಪೆಕ್ಟರ್ ಅನ್ನೋ ವಿಶೇಷ ಏಜೆಂಟ್ ಆಗೋದನ್ನ, ಆಗ್ಲೇ ಸ್ಪೆಕ್ಟರ್ ಆಗಿದ್ದ ಸರೆನ್ ಹೆಂಗೆ ತಪ್ಪಿಸ್ದ ಅನ್ನೋ ಕತೆ. ಚೆನ್ನಾಗೇ ಇದೆ, ಆದ್ರೆ ಗೇಮಲ್ಲಿ ಆಂಡರ್ಸನ್ ಹತ್ರ ಎರಡು ನಿಮಿಷ ಮಾತಾಡಿದ್ರೆ ಸಾರಾಂಶ ಅವರೇ ಹೇಳ್ಬಿಡ್ತಾರೆ.

ನೆಕ್ಸಸ್ ಅಪ್‌ರೈಸಿಂಗ್, ಇನಿಶಿಯೇಶನ್ ಎರಡೂ ಓಕೆ ಓಕೆ. ಮೊದಲ್ನೇದ್ರಲ್ಲಿ ನೆಕ್ಸಸ್ ಅನ್ನೋ ಅಂತರಿಕ್ಷ ನಿಲ್ದಾಣದ ಸೆಕ್ಯುರಿಟಿ ಹೆಡ್ ಸ್ಲೋನ್ ಕೆಲಿ ಯಾಕೆ ತಿರುಗಿಬಿದ್ಲು ಅಂತ ಗೊತ್ತಾಗುತ್ತೆ, ಅಷ್ಟಕ್ಕೋಸ್ಕರ ಒಂದು ರಾಶಿ ಮೀಟಿಂಗ್ ಸಹಿಸ್ಕೋಬೇಕು.

ಕೊನೇದು ಡಿಸೆಪ್ಷನ್, 2012, ವಿಲಿಯಂ ಡೀಟ್ಸ್. ಬರೆದೋರು ಬದಲಾದ್ರು, ಜತೆಗೆ ಪಾತ್ರಗಳೂ ಬದಲಾಗೋದ್ವು. ಗ್ರೇಸನ್ ಸಾಕಿದ್ದ ಗಿಲಿಯನ್ ಅನ್ನೋ ಹುಡುಗಿಗಿದ್ದ ಆಟಿಸಂ ಹೇಳದೇ ಕೇಳದೇ ಮಾಯ, ವಯಸ್ಸಿನ ಲೆಕ್ಕಾನೂ ತಪ್ಪು. ಕೈ ಲೆಂಗ್ ಅನ್ನೋ ಭಯಂಕರ ಹಂತಕ ಆಂಡರ್ಸನ್ ಮನೆಗೆ ಕದ್ದು ನುಗ್ಗಿ ಏನ್ಮಾಡ್ತಾನೆ ಗೊತ್ತಾ, ಸೀರಿಯಲ್ ಹಾಕ್ಕೊಂಡು ತಿಂತಾನೆ. ಫ್ಯಾನ್‌ಗಳು ತಪ್ಪುಗಳನ್ನ ಉದ್ದಕ್ಕೆ ಪಟ್ಟಿ ಮಾಡಿ ಗಲಾಟೆ ಮಾಡಿದ್ಮೇಲೆ ಮುಂದಿನ ಮುದ್ರಣದಲ್ಲಿ ಸರಿಪಡಿಸ್ತೀವಿ ಅಂತ ಕಂಪ್ನಿಯವರೇ ಹೇಳ್ಬೇಕಾಯ್ತು.

ಶುರು ಮಾಡೋರು ರೆವೆಲೇಶನ್, ಅಸೆನ್ಶನ್, ರೆಟ್ರಿಬ್ಯೂಷನ್ ಅದೇ ಆರ್ಡರಲ್ಲಿ ಓದಿ, ಯಾಕಂದ್ರೆ ಗ್ರೇಸನ್ ಕತೆ ಎರಡನೇದ್ರಲ್ಲಿ ಶುರುವಾಗಿ ಮೂರನೇದ್ರಲ್ಲಿ ಮುಗಿಯುತ್ತೆ. ಆನಿಹಿಲೇಶನ್‌ನ ಯಾವಾಗ ಬೇಕಾದ್ರೂ ಎತ್ಕೋಬೋದು, ಗೇಮ್ ಆಡದೇ ಇರೋರೂ.