ಡಾಂಬರಿಗೆ ಬೆರೆಸುವ ಪ್ಲಾಸ್ಟಿಕ್ ಚೂರು: ಎರಡು ಬಗೆ, ಎರಡು ಅಂಕ

ಹಾಸನ, ಚಿಕ್ಕಮಗಳೂರು ಕಡೆ ಹೆಚ್ಚಾಗಿ ಸಿಗುವ ಗ್ರಾನೈಟ್ ಜಲ್ಲಿಗೂ ಡಾಂಬರಿಗೂ ಅಷ್ಟಕ್ಕಷ್ಟೆ. ಮಳೆ ನೀರು ನಡುವೆ ನುಸುಳಿದರೆ ಜಲ್ಲಿ ಬೆತ್ತಲಾಗುತ್ತದೆ. ಬಿಸಿ ಜಲ್ಲಿಯ ಮೈಮೇಲೆ ಕರಗಿ ಪೊರೆ ಕಟ್ಟುವ ಪ್ಲಾಸ್ಟಿಕ್ ಚೂರು ಈ ನುಸುಳಾಟವನ್ನು ತಡೆಯುತ್ತದೆ. ಅಷ್ಟರ ಮಟ್ಟಿಗೆ ಇದು ಮಲೆನಾಡಿಗೆ ಹೇಳಿ ಮಾಡಿಸಿದ ಮಾಲು.

ಬೇರ್ಪಡಿಸಿದ ಕವರ್ ಚೂರಿಗೆ ಐದರಲ್ಲಿ ನಾಲ್ಕು ಅಂಕ. ಸಿಕ್ಕಿದ್ದೆಲ್ಲ ಅರೆದು ತುಂಬಿದ ಮಿಶ್ರ ಚೂರಿಗೆ ಒಂದೂವರೆ, ಅದೂ ಅಗ್ಗ ಅಂತ.

ವ್ಯತ್ಯಾಸ ಒಂದು ಬಕೆಟ್ ನೀರಿನಲ್ಲೇ ಗೊತ್ತಾಗುತ್ತದೆ. ಎರಡು ಹನಿ ಸೋಪು ಹಾಕಿ, ಒಂದು ಹಿಡಿ ಚೂರು ಉದುರಿಸಿ ಕಲಕಿ. ಹಾಲಿನ ಪ್ಯಾಕೆಟ್ಟು, ಕ್ಯಾರಿಬ್ಯಾಗು, ಗೊಬ್ಬರದ ಚೀಲದ ಚೂರು ತೇಲುತ್ತವೆ. ಮುಳುಗಿದ್ದು ಹೆಚ್ಚಾಗಿ ಪೆಟ್ ಬಾಟಲಿ ಅಥವಾ ಪೈಪಿಗೆ ಬಳಸುವ ಪಿವಿಸಿ. ಪೆಟ್ ಕರಗಲು 250 ಡಿಗ್ರಿ ಬೇಕು, ಡಾಂಬರು ಮಿಶ್ರಣ ತಯಾರಿಸುವ ಪ್ಲಾಂಟಿನ ಬಿಸಿಗೆ ಅದು ಜಗ್ಗುವುದೇ ಇಲ್ಲ, ಮಿಶ್ರಣದಲ್ಲಿ ಗಾಜಿನ ಚೂರಿನಂತೆ ಉಳಿಯುತ್ತದೆ. ಪಿವಿಸಿಯಂತೂ ಬೇಡವೇ ಬೇಡ, ಬಿಸಿಗೆ ಆಮ್ಲದ ಹೊಗೆ ಬಿಡುತ್ತದೆ. ತೇಲಿದ್ದರಲ್ಲೂ ಒಂದು ತಕರಾರಿದೆ: ಗೊಬ್ಬರದ ಚೀಲದ ಪಿಪಿ (ಪಾಲಿಪ್ರೊಪಿಲೀನ್) 160 ಡಿಗ್ರಿ ಮುಟ್ಟದೆ ಕರಗದು. ಒದ್ದೆ ಜಲ್ಲಿ ಅದನ್ನು ಕಾಯಿಸುವ ಡ್ರಮ್ಮಿನಿಂದ 150ಕ್ಕೆ ಹೊರಬಿದ್ದರೆ ಅದು ನಾರುನಾರಾಗಿ ಹಾಗೇ ಇರುತ್ತದೆ. ಚಿಪ್ಸ್ ಪ್ಯಾಕೆಟ್ಟಿನ ಬೆಳ್ಳಿ ಹಾಳೆ ಕಂಡರೆ ಚೀಲ ವಾಪಸ್ ಕೊಡಿ.

ಚೂರು 2.36 ಮಿಮೀ ಜರಡಿ ದಾಟಿ 600 ಮೈಕ್ರಾನಿನ ಮೇಲೆ ನಿಲ್ಲಬೇಕು. ದಪ್ಪಗಿದ್ದರೆ ಮುದ್ದೆಯಾಗುತ್ತದೆ.

ಪ್ರಮಾಣಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) ಮಾರ್ಗಸೂಚಿ ಎಸ್‌ಪಿ 98 ನೋಡಿ: 2013ರ ಆವೃತ್ತಿ ಹೇಳಿದ್ದು ಡಾಂಬರಿನ ತೂಕದ ಶೇ 6ರಿಂದ 8, 2020ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿದೆ. ಒಂದು ಟನ್ ಮಿಶ್ರಣದಲ್ಲಿ ಅಂಟು (ಡಾಂಬರು, ಪ್ಲಾಸ್ಟಿಕ್ ಸೇರಿ) ಶೇ 5 ಎಂದರೆ 50 ಕೆಜಿ, ಅದರಲ್ಲಿ ಶೇ 8 ಎಂದರೆ 4 ಕೆಜಿ ಪ್ಲಾಸ್ಟಿಕ್, 46 ಕೆಜಿ ಡಾಂಬರು. 3.75 ಮೀಟರ್ ಅಗಲ, 25 ಮಿಮೀ ದಪ್ಪದ ಒಂದು ಕಿಮೀ ರಸ್ತೆಗೆ ಸುಮಾರು 215 ಟನ್ ಮಿಶ್ರಣ, ಅಂದರೆ 860 ಕೆಜಿ ಚೂರು. ನಾಲ್ಕು ಕೆಜಿಯ ಪೊಟ್ಟಣ ಮಾಡಿಸಿಕೊಂಡರೆ, ಸಲಕ್ಕಿಷ್ಟು ಎಂದು ಅಳೆದು ಕಲಸುವ ಬ್ಯಾಚ್ ಪ್ಲಾಂಟಿನಲ್ಲಿ ಟನ್ನಿಗೊಂದರಂತೆ ಎಣಿಸಿ ಹಾಕಬಹುದು. ಸಲಿಕೆಯಲ್ಲಿ ಎಸೆದರೆ ಒಂದು ಟನ್ನಿಗೆ ಎರಡು ಕೆಜಿ, ಮುಂದಿನದಕ್ಕೆ ಏಳು.

ಕ್ರಮ ತಪ್ಪಬಾರದು: ಜಲ್ಲಿ 165–170 ಡಿಗ್ರಿ, ಮೊದಲು ಚೂರು, ಹತ್ತು ಹದಿನೈದು ಸೆಕೆಂಡ್ ಒಣ ಕಲಸಾಟ, ಆಮೇಲೆ ಡಾಂಬರು. ನಿಲ್ಲದೆ ಕಲಸುತ್ತಲೇ ಇರುವ ಡ್ರಮ್ ಮಿಕ್ಸ್ ಪ್ಲಾಂಟಿನಲ್ಲಾದರೆ ಚೂರನ್ನು ಬರ್ನರಿನ ಬೆಂಕಿಯಿಂದ ದೂರದ ತುದಿಯಲ್ಲೇ ಬಿಡಬೇಕು. ಹೊಗೆ ಕಂಡರೆ ಪ್ಲಾಸ್ಟಿಕ್ ಪೊರೆಯಾಗುವ ಬದಲು ಸುಡುತ್ತಿದೆ ಎಂದರ್ಥ.

ಈ ಮಾಲು ಆರಿದಂತೆ ಬಿಗಿಯುತ್ತದೆ. ಹಾಸನದಿಂದ ಸಕಲೇಶಪುರಕ್ಕೆ ಒಯ್ಯುವಾಗ ಲಾರಿಗೆ ಟಾರ್ಪಾಲು ಬಿಗಿಯಾಗಿ ಕಟ್ಟಿಸಿ. 100 ಡಿಗ್ರಿಗೆ ಇಳಿಯುವ ಮುನ್ನ ರೋಲರ್ ಕೆಲಸ ಮುಗಿದಿರಬೇಕು. ಚೂರಿನ ಚೀಲಗಳನ್ನು ಮುಂಗಾರಿನಲ್ಲಿ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಟ್ಟಿಸಿ. ನೆಂದ ಚೂರು ಮಿಕ್ಸರಿಗೆ ಬಿದ್ದ ಕೂಡಲೇ ಆವಿಯೆದ್ದು ಗಂಟುಗಟ್ಟುತ್ತದೆ.

ಬೇರ್ಪಡಿಸಿದ ಚೂರಿಗೆ ಒಂದು ಅಂಕ ಕಳೆದದ್ದು ಚೀಲದ ಮೇಲೆ ಯಾವ ಪ್ಲಾಸ್ಟಿಕ್ ಎಷ್ಟಿದೆ ಎಂದು ಬರೆಯದಿದ್ದಕ್ಕೆ. ಬದಿಯ ಚರಂಡಿ ಕಟ್ಟಿಕೊಂಡು ರಸ್ತೆ ಕಿತ್ತರೆ ಮಾತ್ರ ಚೂರನ್ನು ಬಯ್ಯಬೇಡಿ, ಅದು ಇರುವುದು ಮೇಲಿನ 25 ಮಿಮೀನಲ್ಲಷ್ಟೇ.