ಅಪ್ಪನ ಅರವತ್ತಕ್ಕೆ ಮಾಡಿದ ಫೋಟೋ ಸ್ಲೈಡ್‌ಶೋ ಹೆಂಗೆ ಹಾಳಾಯ್ತು, ನೀವೂ ಮಾಡ್ಸೋರಿದ್ರೆ ಮೊದ್ಲು ಇದನ್ನ ಓದಿ

ಮನೇಲಿ ಮದುವೆ, ಅರವತ್ತು, ಎಂಬತ್ತು ಅಂತ ಏನಾದ್ರೂ ಇದೆ, ಹಳೇ ಫೋಟೋ ಎಲ್ಲ ಸೇರಿಸಿ ಛತ್ರದ ಸ್ಕ್ರೀನ್ ಮೇಲೆ ಹಾಕ್ಸೋಣ ಅಂತಿದ್ರೆ ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ನಾನು ಎರಡು ವಾರ ರಾತ್ರಿ ಕೂತು ಮಾಡಿದ್ದು ಅಷ್ಟು ಜನದ ಮುಂದೆ ನಾಲ್ಕೇ ನಿಮಿಷದಲ್ಲಿ ಕೆಟ್ಟೋಯ್ತು, ಅದರಲ್ಲಿ ಒಂದು ತಪ್ಪಂತೂ ಇವತ್ತಿಗೂ ಸರಿ ಮಾಡಕ್ಕಾಗಿಲ್ಲ.

ಅಪ್ಪನ ಷಷ್ಠ್ಯಬ್ದಿ ಇತ್ತು ಅರಸೀಕೆರೆ ಹತ್ರ ಒಂದು ಛತ್ರದಲ್ಲಿ. ಫ್ಯಾಮಿಲಿ ಗ್ರೂಪಲ್ಲಿ ಎಲ್ರಿಗೂ ಮೆಸೇಜ್ ಹಾಕ್ದೆ, ಅಪ್ಪನ ಹಳೇ ಫೋಟೋ ಯಾರತ್ರ ಇದ್ರೂ ಕಳ್ಸಿ ಅಂತ. ದೊಡ್ಡಪ್ಪ, ಅತ್ತೆ, ಚಿಕ್ಕಮ್ಮ ಎಲ್ಲ ಪಾಪ ಆಲ್ಬಂ ತೆಗೆದು ಟ್ಯೂಬ್‌ಲೈಟ್ ಕೆಳಗೆ ಮೊಬೈಲಲ್ಲಿ ಫೋಟೋ ಹೊಡೆದು ವಾಟ್ಸಾಪಲ್ಲಿ ಕಳ್ಸಿದ್ರು. ನೂರಿಪ್ಪತ್ತು ಫೋಟೋ ಬಂತು. ಫೋನಲ್ಲಿ ನೋಡಿದ್ರೆ ಎಲ್ಲ ಚೆನ್ನಾಗೇ ಕಾಣ್ತಿತ್ತು, ಅಲ್ಲೇ ನಾನು ಮೋಸ ಹೋಗಿದ್ದು. ಫೋನ್ ಸ್ಕ್ರೀನ್ ಅಂಗೈಯಷ್ಟು, ಅದರಲ್ಲಿ ಎಂಥ ಫೋಟೋನೂ ಚೂಪಾಗೇ ಕಾಣುತ್ತೆ. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಕಳ್ಸಿದ್ರೆ ಡೇಟಾ ಉಳಿಸಕ್ಕೆ ಅಂತ ಅದನ್ನ ಚಿಕ್ಕದು ಮಾಡಿ ಕಳ್ಸುತ್ತೆ, ಉದ್ದದ ಕಡೆ ಸುಮಾರು 1600 ಪಿಕ್ಸೆಲ್ಲಿಗೆ, ಅಂದ್ರೆ 1600 ಚುಕ್ಕಿಗೆ ಇಳಿಯುತ್ತೆ, ಜೊತೆಗೆ ಫೋಟೋ ಫೈಲನ್ನ ಒತ್ತಿ ಒತ್ತಿ ಸೈಜೂ ಕರಗಿಸಿರುತ್ತೆ. ಒಬ್ರಿಂದ ಒಬ್ರಿಗೆ ಮೂರ್ನಾಲ್ಕು ಕೈ ದಾಟಿ, ಮಧ್ಯೆ ಯಾರೋ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಕ್ರಾಪ್ ಮಾಡಿ ಕಳ್ಸಿದ್ದಂತೂ 90 ಕೆಬಿ, 100 ಕೆಬಿ ಇತ್ತು. 2023ರ ಆಗಸ್ಟಲ್ಲಿ ಎಚ್‌ಡಿ ಅಂತ ಒಂದು ಬಟನ್ ಕೊಟ್ಟಿದಾರೆ, ಅದರಲ್ಲಿ ಸ್ವಲ್ಪ ದೊಡ್ಡದಾಗಿ ಹೋಗುತ್ತೆ ನಿಜ, ಆದ್ರೆ ಅದೂ ಒರಿಜಿನಲ್ ಅಲ್ಲ. ಒರಿಜಿನಲ್ ಹಂಗೇ ಬೇಕು ಅಂದ್ರೆ ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿಸ್ಬೇಕು, ಇಲ್ಲ ಗೂಗಲ್ ಡ್ರೈವಲ್ಲಿ ಹಾಕಿಸ್ಬೇಕು. ವಯಸ್ಸಾದವರಿಗೆ ಇದನ್ನ ಫೋನಲ್ಲಿ ಹೇಳಿ ಅರ್ಥ ಮಾಡ್ಸೋದು ಕಷ್ಟ, ಮನೆಯ ಹುಡುಗರಿಗೆ ಹೇಳಿ ಮಾಡ್ಸಿ.

ಎರಡನೇ ತಪ್ಪು ನನ್ನ ಮನಸ್ಸಿಗೆ ತುಂಬಾ ನೋವು ಕೊಟ್ಟಿದ್ದು. ನಮ್ಮ ತಾತಂದು, ಅಂದ್ರೆ ಅಪ್ಪನ ಅಪ್ಪಂದು, ಇರೋದೇ ಎರಡು ಫೋಟೋ. ಒಂದು ಸ್ಟುಡಿಯೋದಲ್ಲಿ ಕೋಟು ಹಾಕ್ಕೊಂಡು ತೆಗೆಸಿದ್ದು, ಇನ್ನೊಂದು ಸೈಕಲ್ ಹಿಡ್ಕೊಂಡು ನಿಂತಿರೋದು. ಸ್ಟುಡಿಯೋದ್ದು ಮಸುಕಾಗಿತ್ತು ಅಂತ ಎಐ ಎನ್‌ಹಾನ್ಸ್ ಮಾಡೋ ಒಂದು ಆ್ಯಪಿಗೆ ಹಾಕ್ದೆ. ಹತ್ತು ಸೆಕೆಂಡಲ್ಲಿ ಫಳಫಳ ಅನ್ನೋ ಫೋಟೋ ಬಂತು, ರೆಪ್ಪೆ ಕೂದಲು ಒಂದೊಂದೂ ಎಣಿಸ್ಬಹುದು, ಖುಷಿ ಆಯ್ತು. ಹಿಂದಿನ ದಿನ ರಾತ್ರಿ ಅಜ್ಜಿಗೆ ತೋರಿಸ್ದೆ. ಅಜ್ಜಿ ಕನ್ನಡಕ ಸರಿ ಮಾಡ್ಕೊಂಡು ಸುಮಾರು ಹೊತ್ತು ನೋಡಿ "ಇದ್ಯಾರೋ ಪುಟ್ಟ?" ಅಂದ್ರು. ತಾತ ಅಜ್ಜಿ ಅಂದೆ. "ನಿಮ್ ತಾತಂಗೆ ಮುಖದ ಮೇಲೆ ಸಿಡುಬಿನ ಕಲೆ ಇತ್ತಲ್ಲ" ಅಂದ್ರು. ನೋಡಿದ್ರೆ ಆ್ಯಪು ಕಲೆ ಎಲ್ಲ ಅಳಿಸಿ ಹಾಕಿದೆ, ಬಲಗಣ್ಣಿನ ಕೆಳಗಿದ್ದ ಮಚ್ಚೆನೂ ಇಲ್ಲ, ಮೂಗು ಸ್ವಲ್ಪ ಚೂಪಾಗಿದೆ. ಈ ಎನ್‌ಹಾನ್ಸ್ ಅನ್ನೋದು ಕಳೆದುಹೋಗಿರೋ ವಿವರಾನ ಹುಡುಕಿ ತರಲ್ಲ, ತಾನು ಕಲ್ತಿರೋ ಸಾವಿರಾರು ಮುಖ ನೋಡಿ ಇಲ್ಲಿ ಹಿಂಗಿರಬಹುದು ಅಂತ ಊಹೆ ಮಾಡಿ ಹೊಸದಾಗಿ ಬಿಡಿಸುತ್ತೆ. ಅದು ನಮ್ಮ ತಾತ ಅಲ್ಲ. ತೀರಿಹೋದವರ ಫೋಟೋಗೆ ಮುಖ ತಿದ್ದೋ ಆ್ಯಪ್ ಬಳಸ್ಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ, ಗೀರು, ಧೂಳು, ಬಣ್ಣ ಸರಿ ಮಾಡಿದ್ರೆ ಸಾಕು. ಮುಂದೆ ಮಕ್ಕಳು ಮೊಮ್ಮಕ್ಕಳು ಆ ಫೋಟೋನೇ ನಿಜ ಅನ್ಕೋತಾರೆ.

ಇನ್ನು ಸಾಫ್ಟ್‌ವೇರ್ ವಿಷಯ. ಕಾಲೇಜಲ್ಲಿದ್ದಾಗ ವಿಂಡೋಸ್ ಮೂವಿ ಮೇಕರಲ್ಲಿ ಮಾಡ್ತಿದ್ವಿ, ಅದನ್ನ 2017ರ ಜನವರಿಲೇ ನಿಲ್ಲಿಸಿದಾರೆ. ಗೂಗಲಲ್ಲಿ ಅದೇ ಹೆಸರು ಹುಡುಕಿ ಸಿಕ್ಕಿದ್ದನ್ನ ಡೌನ್‌ಲೋಡ್ ಮಾಡ್ಬೇಡಿ, ಅದೇ ವರ್ಷ ಆ ಹೆಸರಲ್ಲಿ ನಕಲಿ ಒಂದು ಬಂದು, ವೀಡಿಯೋ ಸೇವ್ ಮಾಡಕ್ಕೆ ಹೋದಾಗ ದುಡ್ಡು ಕೇಳ್ತಿತ್ತು. ನಾನು ಲ್ಯಾಪ್‌ಟಾಪ್ ಬೇಡ ಅಂತ ಫೋನಲ್ಲೇ ಒಂದು ಸ್ಲೈಡ್‌ಶೋ ಆ್ಯಪ್ ಹಾಕ್ಕೊಂಡೆ, ಹೆಸರು ಹೇಳಲ್ಲ, ಆ ಥರದ್ದು ನೂರಿದೆ. ಎಲ್ಲ ಜೋಡಿಸಿ ಹಾಡು ಹಾಕಿ ಮುಗಿದ ಮೇಲೆ ಸೇವ್ ಕೊಟ್ರೆ ಫ್ರೀ ಇರೋದು 720 ಅನ್ನೋ ಕಮ್ಮಿ ಕ್ವಾಲಿಟಿ ಮಾತ್ರ, ಮೂಲೇಲಿ ಅವರ ಹೆಸರು, ಅದು ಬೇಡ ಅಂದ್ರೆ ಮೂರು ದಿನ ಟ್ರಯಲ್ ತಗೊಳ್ಳಿ ಅಂತ ಬಂತು. ತಗೊಂಡೆ. ಫಂಕ್ಷನ್ ಮುಗಿದ ಮೇಲೆ ಬೇಜಾರಲ್ಲಿ ಆ್ಯಪ್ ಡಿಲೀಟ್ ಮಾಡ್ದೆ, ಸರಿಹೋಯ್ತು ಅನ್ಕೊಂಡೆ, ದುಡ್ಡು ಕಟ್ಟಾಯ್ತು. ಆ್ಯಪ್ ತೆಗೆದ್ರೆ ಸಬ್‌ಸ್ಕ್ರಿಪ್ಷನ್ ನಿಲ್ಲಲ್ಲ ಕಣ್ರಿ, ಪ್ಲೇ ಸ್ಟೋರ್ ಒಳಗೆ ಹೋಗಿ ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್ ಅನ್ನೋ ಕಡೆ ಕ್ಯಾನ್ಸಲ್ ಮಾಡ್ಬೇಕು.

ದುಡ್ಡು ಹೋಗಿದ್ದು ದೊಡ್ಡದಲ್ಲ ಬಿಡಿ. ಆ ಆ್ಯಪ್ ಇರೋದೇ ಸ್ಟೇಟಸ್ಸಿಗೆ ಹಾಕೋಕೆ, ಅದಕ್ಕೆ ಅದು ತಾನಾಗೇ ಉದ್ದುದ್ದ ವೀಡಿಯೋ ಮಾಡಿತ್ತು, 9:16, ಅಂದ್ರೆ ಅಗಲ 9 ಆದ್ರೆ ಎತ್ತರ 16. ಫೋನನ್ನ ನೆಟ್ಟಗೆ ಹಿಡ್ಕೊಂಡು ನೋಡ್ತಿದ್ನಲ್ಲ, ನಂಗೆ ಹೊಳೀಲೇ ಇಲ್ಲ. ಟೈಟಲ್ಲಲ್ಲಿ ಷಷ್ಠ್ಯಬ್ದಿ ಅಂತ ಬರೆದಿದ್ದಕ್ಕೆ ಒತ್ತಕ್ಷರ ಎಲ್ಲ ಬಿಡಿ ಬಿಡಿಯಾಗಿ ಪಕ್ಕಕ್ಕೆ ಬಂದು ನಿಂತಿತ್ತು, ಅದನ್ನ ಮಾತ್ರ ಗಮನಿಸಿ "ಅಪ್ಪನ ಅರವತ್ತು" ಅಂತ ಬದಲಾಯಿಸ್ದೆ, ಅದರಲ್ಲೂ ಒತ್ತು ಕೆಟ್ಟೇ ಇತ್ತು. ಕನ್ನಡದ ಒತ್ತು ಸರಿಯಾಗಿ ಕೂರಿಸಕ್ಕೆ ಬರದೇ ಇರೋ ವೀಡಿಯೋ ಆ್ಯಪ್ ಇನ್ನೂ ಬೇಕಾದಷ್ಟಿದೆ. ಅದಕ್ಕೆ ಉಪಾಯ ಅಂದ್ರೆ ಟೈಟಲ್ನ ಪವರ್‌ಪಾಯಿಂಟಲ್ಲೋ ಲಿಬ್ರೆ ಆಫೀಸಲ್ಲೋ ಟೈಪ್ ಮಾಡಿ ಆ ಸ್ಲೈಡನ್ನ ಪಿಎನ್‌ಜಿ ಫೋಟೋ ಮಾಡಿ ಸೇರಿಸೋದು.

ಫಂಕ್ಷನ್ ದಿನ ಎಲ್‌ಇಡಿ ವಾಲ್ ಹಾಕಿದ್ ಹುಡುಗ ಫೈಲ್ ಕೊಡಿ ಸಾರ್ ಅಂದ, ನಾನು ಅವಸರದಲ್ಲಿ ವಾಟ್ಸಾಪಲ್ಲೇ ವೀಡಿಯೋ ಕಳ್ಸಿದೆ. ಇದು ಕೊನೇ ಪೆಟ್ಟು, ಇದ್ದಿದ್ದೂ ಕರಗೋಯ್ತು. ಆ ವಾಲ್ ಹೆಂಗಿರುತ್ತೆ ಅಂತ ಆಮೇಲೆ ಆ ಹುಡುಗನೇ ಹೇಳ್ದ, ಅರ್ಧ ಅರ್ಧ ಮೀಟರಿನ ಪ್ಯಾನೆಲ್ ಜೋಡಿಸಿರೋದು, ಅವನದ್ದು ಪಿ3.9, ಅಂದ್ರೆ ಚುಕ್ಕಿಯಿಂದ ಚುಕ್ಕಿಗೆ 3.9 ಮಿಲಿಮೀಟರ್, ಒಂದೊಂದು ಪ್ಯಾನೆಲಲ್ಲಿ 128 × 128 ಚುಕ್ಕಿ. ಅಡ್ಡಕ್ಕೆ ಏಳು, ಉದ್ದಕ್ಕೆ ನಾಲ್ಕು ಹಾಕಿದ್ದ. ಅಂದ್ರೆ ಅಷ್ಟು ದೊಡ್ಡ ಗೋಡೆ ಒಟ್ಟು 896 × 512 ಅಷ್ಟೇ, ನಮ್ಮ ಫೋನಿಗಿಂತ ಕಮ್ಮಿ! ಅದರ ಮೇಲೆ ನನ್ನ ಉದ್ದುದ್ದ ವೀಡಿಯೋ ಬಂದಾಗ ಮಧ್ಯದಲ್ಲಿ 288 ಚುಕ್ಕಿ ಅಗಲದ ಒಂದು ಪಟ್ಟಿ, ಎರಡೂ ಕಡೆ ಕಪ್ಪು. ಅಪ್ಪ ಅಮ್ಮನ ಮದುವೆ ಫೋಟೋ ಅಡ್ಡ ಇದ್ದಿದ್ದು ಆ ಪಟ್ಟಿ ಒಳಗೆ ಇನ್ನೂ ಚಿಕ್ಕದಾಗಿ, 288 × 192 ಬಂತು, ಇಡೀ ಗೋಡೆಯಲ್ಲಿ ಎಂಟನೇ ಒಂದು ಭಾಗ. ಹಿಂದೆ ಕೂತೋರಿಗೆ ಏನೂ ಕಾಣ್ತಿಲ್ಲ. ದೊಡ್ಡದು ಮಾಡಪ್ಪಾ ಅಂತ ದೊಡ್ಡಪ್ಪ ಕೂಗಿದ್ರು, ಹುಡುಗ ಗೋಡೆ ತುಂಬೋ ಹಂಗೆ ಎಳೆದ, ಆಗ ಮೇಲೆ ಕೆಳಗೆ ಎಲ್ಲ ಕಟ್ಟಾಯ್ತು. ತಾತನ ಸ್ಟುಡಿಯೋ ಫೋಟೋ ಬಂದಾಗ ಮುಖಾನೇ ಇಲ್ಲ, ಕೋಟಿನ ಗುಂಡಿ ಮಾತ್ರ ಗೋಡೆ ತುಂಬಾ. ಅಪ್ಪ ಮಣೆ ಮೇಲೆ ಕೂತಿದ್ದೋರು ಒಂದ್ಸಲ ತಲೆ ಎತ್ತಿ ನೋಡಿ ತಗ್ಗಿಸಿದ್ರು. ನಾನೇ ಹೋಗಿ ನಿಲ್ಲಿಸಪ್ಪ ಅಂದೆ.

ಆ ಹುಡುಗಂದು ತಪ್ಪಿಲ್ಲ. ಒಂದು ದಿನ ಮುಂಚೆ ಹೋಗಿ ಸ್ಕ್ರೀನ್ ಎಷ್ಟು ಪಿಕ್ಸೆಲ್, ಅಡ್ಡ ಉದ್ದ ಹೆಂಗಿದೆ ಅಂತ ಕೇಳಿ, ಪೆನ್‌ಡ್ರೈವಲ್ಲಿ ಕೊಟ್ಟು ಅಲ್ಲೇ ಓಡ್ಸಿ ನೋಡಿದ್ರೆ ಎಲ್ಲ ಗೊತ್ತಾಗ್ತಿತ್ತು. ಪ್ರೊಜೆಕ್ಟರ್ ಇದ್ರೂ ಕೇಳಿ, ಎಷ್ಟೋ ಕಡೆ ಇನ್ನೂ 1024 × 768ರ ಹಳೇದೇ ಇರುತ್ತೆ, ಅದು 4:3.

ಆಮೇಲೆ ಅಪ್ಪಂಗೋಸ್ಕರ ಮನೆಗೇ ಅಂತ ಮತ್ತೆ ಮೊದಲಿಂದ ಮಾಡ್ದೆ. ಈ ಸಲ ಆಲ್ಬಂಗಳನ್ನೇ ತಂದು ಫ್ಲಾಟ್‌ಬೆಡ್ ಸ್ಕ್ಯಾನರಲ್ಲಿ 600 ಡಿಪಿಐಗೆ, ಅಂದ್ರೆ ಇಂಚಿಗೆ 600 ಚುಕ್ಕಿಗೆ ಇಟ್ಟೆ, 4 × 6 ಇಂಚಿನ ಫೋಟೋ 2400 × 3600 ಪಿಕ್ಸೆಲ್ ಬರುತ್ತೆ, ಫುಲ್ ಎಚ್‌ಡಿ ಅಂದ್ರೆ 1920 × 1080 ಅಷ್ಟೇ, ಹಂಗಾಗಿ ಸ್ವಲ್ಪ ಝೂಮ್ ಹೋದ್ರೂ ಮುಖ ಒಡೆಯಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋ ಆದ್ರೆ 1200ಕ್ಕೆ ಇಡಿ. ಅಂಟು ಹಾಳೆಯ ಆಲ್ಬಂ ಇರುತ್ತಲ್ಲ, ಮೇಲೆ ಪ್ಲಾಸ್ಟಿಕ್ ಶೀಟ್ ಇರೋದು, ಅದರಿಂದ ಫೋಟೋ ಎಳೀಬೇಡಿ, ಅತ್ತೆ ಮದುವೆದೊಂದು ಮೂಲೆ ಹರಿದೋಯ್ತು ನನ್ನ ಕೈಲೇ. ಹಲ್ಲು ಸಂದಿ ತೆಗೆಯೋ ಫ್ಲಾಸ್ ದಾರಾನ ಫೋಟೋ ಹಿಂದೆ ನಿಧಾನ ಗರಗಸದ ಥರ ಆಡ್ಸಿದ್ರೆ ಬಿಡುತ್ತೆ, ಬಿಡ್ಲಿಲ್ಲ ಅಂದ್ರೆ ಪ್ಲಾಸ್ಟಿಕ್ ಎತ್ತಿ ಇಡೀ ಪುಟಾನೇ ಸ್ಕ್ಯಾನ್ ಮಾಡಿ. ನೆಗೆಟಿವ್ ಸಿಕ್ಕಿದ್ರಂತೂ ಬಿಡಲೇ ಬೇಡಿ.

ಜೋಡಿಸಿದ್ದು ಶಾಟ್‌ಕಟ್ ಅನ್ನೋ ವೀಡಿಯೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ. ಪೂರ್ತಿ ಫ್ರೀ, ವಾಟರ್‌ಮಾರ್ಕ್ ಇಲ್ಲ, ಕಲಿಯಕ್ಕೆ ಎರಡು ದಿನ ಬೇಕು. ವಿಂಡೋಸ್ 11 ಇರೋರಿಗೆ ಕ್ಲಿಪ್‌ಚಾಂಪ್ ಸುಲಭ, ಫ್ರೀಯಲ್ಲೇ 1080 ಕೊಡುತ್ತೆ. ಡಾವಿಂಚಿ ರಿಸಾಲ್ವ್ ತುಂಬಾ ಒಳ್ಳೇದು ಆದ್ರೆ ನನ್ನ ಹಳೇ ಲ್ಯಾಪ್‌ಟಾಪ್ ಎಳೀಲಿಲ್ಲ. ಯಾವುದೇ ತಗೊಳ್ಳಿ, ಫೋಟೋ ಹಾಕೋ ಮೊದ್ಲೇ 16:9, 1080 ಅಂತ ಸೆಟ್ ಮಾಡಿ, ಮೂರು ಫೋಟೋ ಹಾಕಿ ಎಕ್ಸ್‌ಪೋರ್ಟ್ ಮಾಡಿ ಟಿವಿಲಿ ನೋಡಿ, ಆಮೇಲೆ ಉಳಿದಿದ್ದು ಮಾಡಿ.

ತಾತನ ಸ್ಟುಡಿಯೋ ಫೋಟೋದ ಒರಿಜಿನಲ್ ದೊಡ್ಡಪ್ಪನ ಬೀರುವಲ್ಲಿ ಸಿಕ್ತು, ಕಲೆ ಮಚ್ಚೆ ಎಲ್ಲ ಹಂಗೇ ಬಂದಿದೆ. ಸೈಕಲ್ ಹಿಡ್ಕೊಂಡಿರೋದು ಮಾತ್ರ ಎಲ್ಲೂ ಸಿಗ್ಲಿಲ್ಲ, ಅದನ್ನ ಇಟ್ಕೊಂಡಿದ್ದ ಚಿಕ್ಕಪ್ಪನ ಮನೆ ಸುಣ್ಣ ಬಣ್ಣ ಆದಾಗ ಹೋಗಿದೆಯಂತೆ. ಗ್ರೂಪಿಗೆ ಬಂದಿದ್ದ 90 ಕೆಬಿ ಫೈಲ್ ಒಂದೇ ಈಗಿರೋದು. ಅದನ್ನ ಎಳೆದು ದೊಡ್ಡದು ಮಾಡಿಲ್ಲ, ಯಾವ ಆ್ಯಪಿಗೂ ಹಾಕಿಲ್ಲ, ಸ್ಕ್ರೀನ್ ಮಧ್ಯದಲ್ಲಿ ಎಷ್ಟು ಚಿಕ್ಕದೋ ಅಷ್ಟೇ ಇಟ್ಟು ಸುತ್ತ ಬಿಳಿ ಜಾಗ ಬಿಟ್ಟಿದೀನಿ. ಅದು ಬಂದಾಗ ಅಜ್ಜಿ ಕುರ್ಚಿ ಮುಂದಕ್ಕೆ ಎಳ್ಕೊಂಡು ಟಿವಿ ಹತ್ರ ಹೋಗಿ ನೋಡ್ತಾರೆ.