ಬಟ್ಟೆಯ ಮೇಲೆ ಜಲ್ಲಿ ಹರಡಲು ಬುಲ್ಡೋಜರ್, ಲೋಡರ್, ಎಕ್ಸ್‌ಕವೇಟರ್: ಒಂದು ಹೋಲಿಕೆ

ನೀರು ಕುಡಿದು ಮೆತ್ತಗಾದ ಜೇಡಿಮಣ್ಣಿನ ಮೇಲೆ ನೇರವಾಗಿ ಜಲ್ಲಿ ಸುರಿದರೆ ವಾಹನಗಳು ಓಡಾಡಿದಂತೆಲ್ಲ ಜಲ್ಲಿ ಕೆಳಗಿಳಿಯುತ್ತದೆ, ಮಣ್ಣು ಮೇಲೇರುತ್ತದೆ. ಅದನ್ನು ತಡೆಯಲೆಂದೇ ಇವೆರಡರ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹಾಸುತ್ತೇವೆ. ಅದು ಮಣ್ಣನ್ನೂ ಜಲ್ಲಿಯನ್ನೂ ಬೇರೆಯಾಗಿಡುತ್ತದೆ, ನೀರನ್ನು ಮಾತ್ರ ದಾಟಗೊಡುತ್ತದೆ, ಮೇಲಿನ ಭಾರಕ್ಕೆ ಬಿಗಿದು ನಿಂತು ಹೊರೆಯನ್ನು ಒಂದಿಷ್ಟು ಅಗಲಕ್ಕೆ ಹಂಚುತ್ತದೆ. ಖರೀದಿಯ ಹೊತ್ತಿನಲ್ಲಿ ಚರ್ಚೆಯೆಲ್ಲ ಯಾವ ಬಟ್ಟೆ ಎಂಬುದರ ಸುತ್ತಲೇ ನಡೆಯುತ್ತದೆ. ಆದರೆ ಒಂದೇ ಕಾಮಗಾರಿಯಲ್ಲಿ ಬೇರೆ ಬೇರೆ ಯಂತ್ರಗಳಿಂದ ಜಲ್ಲಿ ಹರಡಿಸಿ, ಆಮೇಲೆ ಅಲ್ಲಲ್ಲಿ ಗುಂಡಿ ತೋಡಿ ಬಟ್ಟೆಯನ್ನು ಹೊರತೆಗೆದು ನೋಡಿದ ನನಗೆ, ಬಟ್ಟೆ ಉಳಿಯುವುದೂ ಹರಿಯುವುದೂ ಅದರ ಜಾತಿಗಿಂತ ಹೆಚ್ಚಾಗಿ ಜಲ್ಲಿ ಅದರ ಮೇಲೆ ಬಂದು ಬಿದ್ದ ರೀತಿಯನ್ನು ಅವಲಂಬಿಸಿದೆ ಎಂದು ಮನವರಿಕೆಯಾಗಿದೆ.

ಹೋಲಿಕೆ ನ್ಯಾಯವಾಗಿರಬೇಕೆಂದು ನೆಲ, ಜಲ್ಲಿ ಮತ್ತು ಪದರದ ದಪ್ಪವನ್ನು ಎಲ್ಲ ಕಡೆಯೂ ಆದಷ್ಟು ಒಂದೇ ರೀತಿಯಲ್ಲಿ ಇರಿಸಿಕೊಂಡಿದ್ದೆ. ಕೆಲಸ ಒಂದು ತಾತ್ಕಾಲಿಕ ಸಂಪರ್ಕ ರಸ್ತೆಯದು. ಭಾರ ಬಿಟ್ಟು ನಿಂತರೆ ಹಿಮ್ಮಡಿ ಹೂತುಹೋಗುವಂಥ ನೆಲ, ಅಂದರೆ ನೆಲದ ಭಾರ ಹೊರುವ ಶಕ್ತಿಯನ್ನು ಗಟ್ಟಿ ಜಲ್ಲಿಗೆ ಹೋಲಿಸಿ ಶೇಕಡದಲ್ಲಿ ಹೇಳುವ ಸಿಬಿಆರ್ ಲೆಕ್ಕದಲ್ಲಿ 1ರಿಂದ 3ರ ನಡುವಿನದು. ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘವಾದ ಆಶ್ಟೊದ ಎಂ 288 ಮಾನಕವು ನೆಲವನ್ನು ಸ್ಥಿರಗೊಳಿಸುವ ಬಟ್ಟೆಗೆ ಗುರುತಿಸಿರುವ ವ್ಯಾಪ್ತಿಯೂ ಇದೇ. ಅದಕ್ಕಿಂತ ಗಟ್ಟಿಯಾದ ನೆಲದಲ್ಲಿ ಬಟ್ಟೆಗೆ ಬೇರ್ಪಡಿಸುವ ಕೆಲಸವಷ್ಟೇ ಉಳಿಯುತ್ತದೆ. ಜಲ್ಲಿ ಒಡೆದ ಮೂಲೆಗಳಿರುವ ಕಲ್ಲಿನದು, 75 ಮಿಲಿಮೀಟರ್‌ವರೆಗಿನ ಗಾತ್ರದ್ದು, ಸಣ್ಣ ಚೂರು ಮತ್ತು ಪುಡಿ ಸೇರಿದ್ದು. ಮೊದಲ ಪದರವನ್ನು ಎಲ್ಲಿಯೂ 300 ಮಿಲಿಮೀಟರ್‌ಗಿಂತ ತೆಳುವಾಗಲು ಬಿಡಬಾರದೆಂಬುದು ಎಲ್ಲ ಆಪರೇಟರ್‌ಗಳಿಗೂ ಕೊಟ್ಟ ಒಂದೇ ಸೂಚನೆ. ಬರಿಯ ಬಟ್ಟೆಯ ಮೇಲೆ ಯಾವ ಯಂತ್ರವೂ ಹತ್ತಬಾರದೆಂಬ ನಿಯಮವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಒಂದು ಸುರುಳಿ ಮುಗಿದು ಇನ್ನೊಂದು ಶುರುವಾಗುವ ಕಡೆ ಅಂಚುಗಳನ್ನು ಸುಮಾರು ಒಂದು ಮೀಟರ್‌ನಷ್ಟು ಒಂದರ ಮೇಲೊಂದು ಬರುವಂತೆ ಹಾಸಿದ್ದೆವು. ಮಾಡಿನ ಹೆಂಚನ್ನು ನೀರು ಹರಿಯುವ ದಿಕ್ಕಿಗೆ ಅನುಸಾರವಾಗಿ ಹೊದಿಸುವಂತೆ, ಇಲ್ಲಿ ಜಲ್ಲಿ ಸಾಗುವ ದಿಕ್ಕಿಗೆ ಅನುಸಾರವಾಗಿ ಹಿಂದಿನ ಸುರುಳಿಯ ಕೊನೆ ಮೇಲೆ, ಮುಂದಿನ ಸುರುಳಿಯ ಮೊದಲು ಕೆಳಗೆ ಇರಬೇಕು. ಇದು ತಿರುಗುಮುರುಗಾದರೆ ತಳ್ಳಿದ ಜಲ್ಲಿ ಅಂಚಿನ ಅಡಿಗೆ ನುಗ್ಗಿ ಬಟ್ಟೆಯನ್ನೇ ಎತ್ತಿಬಿಡುತ್ತದೆ, ಆಮೇಲೆ ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಪ್ರಯೋಜನವಿಲ್ಲ.

ಮೊದಲಿಗೆ ಟಿಪ್ಪರ್‌ನಿಂದಲೇ ಹರಡುವ ಪದ್ಧತಿಯನ್ನು ಹೇಳಿ ಮುಗಿಸುತ್ತೇನೆ. ಹಿಂಬಾಗಿಲನ್ನು ಸ್ವಲ್ಪವೇ ತೆರೆದು, ಬಾಡಿ ಎತ್ತಿ, ನಿಧಾನವಾಗಿ ಚಲಿಸುತ್ತಾ ಜಲ್ಲಿಯನ್ನು ಪದರವಾಗಿ ಬಿಡುವ ಈ ವಿಧಾನ ಗಟ್ಟಿ ನೆಲದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಮೆತ್ತನೆಯ ನೆಲದಲ್ಲಿ ತುಂಬಿದ ಟಿಪ್ಪರ್‌ನ ಟಯರ್‌ಗಳು ಸುಮಾರು 600ರಿಂದ 700 ಕಿಲೋಪ್ಯಾಸ್ಕಲ್ ಒತ್ತಡವನ್ನು ಹೊತ್ತು ಬರುತ್ತವೆ. ಅವು ಈಗಷ್ಟೇ ಬಿಟ್ಟ, ಇನ್ನೂ ಸಡಿಲವಾಗಿರುವ ಜಲ್ಲಿಯ ಮೇಲೇ ಓಡಬೇಕು. ಹಾಗಾಗಿ ಟಿಪ್ಪರ್ ಹಿಂದಕ್ಕೆ ಬರಲಿ, ಈಗಾಗಲೇ ಹರಡಿ ನಿಂತ ಪದರದ ಮೇಲೆ ರಾಶಿ ಸುರಿದು ಹೋಗಲಿ, ಹರಡುವುದು ಬೇರೆ ಯಂತ್ರದ ಕೆಲಸವಾಗಿರಲಿ ಎಂದು ಬೇಗನೆ ತೀರ್ಮಾನಿಸಿದೆವು.

ಚಕ್ರದ ಲೋಡರ್‌ನ ಗುಣವೆಂದರೆ ವೇಗ. ರಾಶಿಯಿಂದ ಬಕೆಟ್ ತುಂಬಿಕೊಂಡು ಬಂದು, ತುದಿಯಲ್ಲಿ ಬಗ್ಗಿಸಿ, ಬಕೆಟ್‌ನ ಬೆನ್ನಿನಿಂದ ಹಿಂದಕ್ಕೆ ಎಳೆದು ಮಟ್ಟ ಮಾಡುವಷ್ಟರಲ್ಲಿ ಮುಂದಿನ ಟಿಪ್ಪರ್ ಬಂದಿರುತ್ತದೆ. ರಾಶಿ ದೂರದಲ್ಲಿದ್ದರೆ ಇದಕ್ಕೆ ಸಾಟಿಯಾದ ಯಂತ್ರವಿಲ್ಲ. ಆದರೆ ಬಕೆಟ್ ತುಂಬಿದಾಗ ಯಂತ್ರದ ತೂಕದ ಬಹುಪಾಲು ಮುಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ, ಮತ್ತು ಆ ಚಕ್ರಗಳು ಜಲ್ಲಿ ಅತ್ಯಂತ ತೆಳುವಾಗಿರುವ ತುದಿಯವರೆಗೆ ಹೋಗಲೇಬೇಕು. ಅದರ ಜೊತೆಗೆ ಹೋಗಿಬರುವ ಪ್ರತಿ ಸಲವೂ ನಡು ಬಾಗಿಸಿ ತಿರುಗುವಾಗ ಟಯರ್‌ಗಳು ಜಲ್ಲಿಯನ್ನು ಪಕ್ಕಕ್ಕೆ ಉಜ್ಜುತ್ತವೆ. ಲೋಡರ್ ಕೆಲಸ ಮಾಡಿದ ಭಾಗದಲ್ಲಿ ಮೊದಲ ದಿನವೇ ಎರಡು ಸ್ಪಷ್ಟ ಜಾಡುಗಳು ಮೂಡಿದವು. ಅವುಗಳ ಪಕ್ಕದಲ್ಲಿ ಮೇಲ್ಮೈ ಉಬ್ಬಿ ನಿಂತಿತು, ಅಂದರೆ ಕೆಳಗಿನ ಮಣ್ಣು ಬಟ್ಟೆಯ ಸಮೇತ ಪಕ್ಕಕ್ಕೆ ಸರಿದಿತ್ತು.

ಎಕ್ಸ್‌ಕವೇಟರ್ ಇದಕ್ಕೆ ತೀರ ವಿರುದ್ಧವಾದ ಸ್ವಭಾವದ್ದು. ಹಿಂದಿನ ಗಟ್ಟಿ ಪದರದ ಮೇಲೆ ನಿಂತು, ತೋಳು ಚಾಚಿ, ಬಕೆಟ್ಟನ್ನು ಬಟ್ಟೆಯ ಹತ್ತಿರಕ್ಕೆ ಇಳಿಸಿ ಜಲ್ಲಿಯನ್ನು ಇಟ್ಟಂತೆ ಸುರಿಯಬಹುದು. ಬಟ್ಟೆಗೆ ತಳ್ಳಾಟವಿಲ್ಲ, ಎಳೆದಾಟವಿಲ್ಲ, ಎತ್ತರದಿಂದ ಬೀಳುವ ಕಲ್ಲಿನ ಪೆಟ್ಟೂ ಇಲ್ಲ. ರಸ್ತೆಯ ನಡುವೆ ಒಂದೆಡೆ ನೀರು ಜಿನುಗುವ ಗುಂಡಿಯಂಥ ಭಾಗವಿತ್ತು. ಅಲ್ಲಿ ಎಕ್ಸ್‌ಕವೇಟರ್ ಹೊರತು ಬೇರೆ ಯಾವ ಯಂತ್ರವನ್ನೂ ಬಿಡಲು ನನಗೆ ಧೈರ್ಯವಾಗಲಿಲ್ಲ, ಈಗಲೂ ಆಗುವುದಿಲ್ಲ. ಆದರೆ ಅದು ನಿಧಾನ. ಬಕೆಟ್ ಬಕೆಟ್ಟಾಗಿ ಬಿದ್ದ ಜಲ್ಲಿ ದಿಬ್ಬ ತಗ್ಗುಗಳಾಗಿ ಉಳಿಯುತ್ತದೆ, ದಪ್ಪವನ್ನು ಕೋಲಿನಿಂದ ಅಳೆಯುತ್ತಲೇ ಇರಬೇಕಾಗುತ್ತದೆ. ಇನ್ನೊಂದು ಕೊರತೆ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ: ಹರಡುತ್ತಿರುವಾಗಲೇ ಜಲ್ಲಿಯನ್ನು ತುಳಿದು ಕಚ್ಚಿಸುವ ಕೆಲಸ ಎಕ್ಸ್‌ಕವೇಟರ್‌ನಿಂದ ಆಗುವುದಿಲ್ಲ, ಆದ್ದರಿಂದ ಅದು ಬಿಟ್ಟುಹೋದ ಪದರ ನೋಡಲು ದಪ್ಪವಾಗಿದ್ದರೂ ಮೊದಲ ಟಿಪ್ಪರ್ ಹತ್ತಿದಾಗ ನಿರೀಕ್ಷೆಗಿಂತ ಹೆಚ್ಚು ಕುಸಿಯುತ್ತದೆ.

ಬುಲ್ಡೋಜರ್ ಈ ಎರಡರ ನಡುವಿನದು ಎಂದರೆ ಪೂರ್ತಿ ಸರಿಯಾಗದು. ಅಗಲ ಚೈನಿನ, ಕೆಸರು ನೆಲಕ್ಕೆಂದೇ ಮಾಡಿದ ಡೋಜರ್ ನೆಲದ ಮೇಲೆ ಹಾಕುವ ಒತ್ತಡ ಸುಮಾರು 30ರಿಂದ 40 ಕಿಲೋಪ್ಯಾಸ್ಕಲ್ ಮಾತ್ರ; ಸಾಮಾನ್ಯ ಚೈನಿನದೂ ಟಿಪ್ಪರ್ ಟಯರಿನ ಒತ್ತಡದ ಎದುರು ಬಹಳ ಕಡಿಮೆ. ಆದರೆ ಕಡಿಮೆ ಒತ್ತಡವೊಂದರಿಂದಲೇ ಡೋಜರ್ ಗೆಲ್ಲುವುದಿಲ್ಲ. ಅದರ ನಿಜವಾದ ಅನುಕೂಲ ಕಾಣುವುದು ಜಲ್ಲಿಯ ಮುಂತುದಿಯಲ್ಲಿ. ಬ್ಲೇಡನ್ನು ಬೇಕಾದ ದಪ್ಪದ ಎತ್ತರಕ್ಕೆ ಹಿಡಿದು, ಹಿಂದೆ ಸುರಿದ ರಾಶಿಯನ್ನು ಮುಂದೆ ತಳ್ಳಿದಾಗ, ಜಲ್ಲಿ ಹರಡಿದ ಪದರದ ಮೇಲೆಯೇ ಸಾಗಿ ಬಂದು, ತುದಿಯ ಇಳಿಜಾರಿನಲ್ಲಿ ಮೇಲಿನಿಂದ ಕೆಳಗೆ ಉರುಳಿ ಬಟ್ಟೆಯ ಮೇಲೆ ಬೀಳುತ್ತದೆ. ಹತ್ತಿರ ಕುಳಿತು ನೋಡಿದರೆ ದಪ್ಪ ಕಲ್ಲುಗಳು ಮೊದಲು ಉರುಳಿ ಅಂಗೈಯಷ್ಟು ಮುಂದೆ ಹೋಗಿ ನಿಲ್ಲುವುದು, ಅವುಗಳ ಸಂದಿಗೆ ಚೂರುಗಳೂ ಪುಡಿಯೂ ಬಂದು ತುಂಬಿಕೊಳ್ಳುವುದು ಕಾಣುತ್ತದೆ. ಬಟ್ಟೆಯ ಮೇಲೆ ಬಿದ್ದ ಕಲ್ಲು ಬಿದ್ದಲ್ಲೇ ನಿಲ್ಲುತ್ತದೆ, ಜಾರುವುದಿಲ್ಲ.

ಇದೇ ಡೋಜರ್‌ನಲ್ಲಿ ಬ್ಲೇಡನ್ನು ನಾಲ್ಕು ಬೆರಳು ಕೆಳಗಿಳಿಸಿ ಓಡಿಸಿದರೆ ಚಿತ್ರವೇ ಬದಲಾಗುತ್ತದೆ. ಆಗ ರಾಶಿ ಇಡಿಯಾಗಿ ಬಟ್ಟೆಯ ಮೇಲೆ ಜಾರುತ್ತಾ ಸಾಗುತ್ತದೆ, ಅದರ ಮುಂದೆ ಬಟ್ಟೆ ಅಲೆಯಂತೆ ಎದ್ದು ಸುಕ್ಕುಗಟ್ಟುತ್ತದೆ. ಆ ಸುಕ್ಕನ್ನು ಕೂಡಲೇ ಎಳೆದು ಬಿಗಿಮಾಡದಿದ್ದರೆ ಜಲ್ಲಿಯ ಅಡಿಯಲ್ಲಿ ಮಡಿಕೆಯಾಗಿ ಉಳಿದು, ಅಲ್ಲಿ ಬಟ್ಟೆಗೆ ಬಿಗಿಯೇ ಬರುವುದಿಲ್ಲ. ನಾನು ಕಂಡಂತೆ ಡೋಜರ್ ಬೇಡವೆನ್ನುವವರಲ್ಲಿ ಬಹುತೇಕರು ನೋಡಿರುವುದು ಈ ಎರಡನೆಯ ರೀತಿಯ ಕೆಲಸವನ್ನು. ಯಂತ್ರ ಒಂದೇ ಆದರೂ ಇವು ಎರಡು ಬೇರೆ ಪದ್ಧತಿಗಳೆಂದೇ ಲೆಕ್ಕ ಹಾಕಬೇಕು.

ಡೋಜರ್‌ನ ಚೈನ್ ಪ್ಲೇಟುಗಳ ಮೇಲೆ ಅಡ್ಡಡ್ಡವಾಗಿ ಎದ್ದು ನಿಂತ ಪಟ್ಟಿಗಳಿರುತ್ತವೆ. ಮಧ್ಯಮ ಗಾತ್ರದ ಯಂತ್ರದಲ್ಲಿ ಅವು 50 ಮಿಲಿಮೀಟರ್‌ಗೂ ಹೆಚ್ಚು ಎತ್ತರ. ಪದರ 100 ಮಿಲಿಮೀಟರ್ ಇದ್ದರೆ ಅದರ ಅರ್ಧದಷ್ಟನ್ನು ಈ ಪಟ್ಟಿಗಳೇ ಕೊರೆದುಬಿಡುತ್ತವೆ, ಉಳಿದರ್ಧ ಕಲ್ಲನ್ನು ಬಟ್ಟೆಗೆ ಚುಚ್ಚುತ್ತವೆ. ನೇರವಾಗಿ ಹೋಗಿ ನೇರವಾಗಿ ಹಿಂದಕ್ಕೆ ಬರುವವರೆಗೆ 300 ಮಿಲಿಮೀಟರ್ ಪದರದಲ್ಲಿ ಇದರಿಂದ ತೊಂದರೆಯಿಲ್ಲ. ತೊಂದರೆ ತಿರುಗುವಾಗ. ಒಂದು ಚೈನನ್ನು ಬ್ರೇಕ್ ಹಾಕಿ ನಿಲ್ಲಿಸಿ ಇನ್ನೊಂದನ್ನು ಓಡಿಸಿ ತಿರುಗಿಸುವ ಹಳೆಯ ಯಂತ್ರಗಳಲ್ಲಿ ನಿಂತ ಚೈನು ಅಲ್ಲಿಯೇ ಜಲ್ಲಿಯನ್ನು ತಿರುಚಿ ಹೊರಕ್ಕೆ ತಳ್ಳುತ್ತದೆ. ಎರಡೂ ಚೈನುಗಳು ಚಲಿಸುತ್ತಲೇ ತಿರುಗುವ ಯಂತ್ರ ಸಿಗುವುದಾದರೆ ಅದನ್ನೇ ತರಿಸುವುದು ಮೇಲು. ಹೇಗಿದ್ದರೂ ಮೊದಲ ಪದರದ ಮೇಲೆ ತಿರುಗುವುದನ್ನೇ ನಿಷೇಧಿಸಿ, ಹಿಂದೆ ದಪ್ಪವಾದ ಜಾಗಕ್ಕೆ ಬಂದು ದಿಕ್ಕು ಬದಲಿಸುವಂತೆ ಆಪರೇಟರ್‌ಗೆ ಹೇಳಿದ್ದೆ. ಬ್ಲೇಡಿನ ವಿಚಾರದಲ್ಲಿ, ಓರೆಯಾಗಿಸಲೂ ವಾಲಿಸಲೂ ಬರುವ ಬ್ಲೇಡು ಈ ಕೆಲಸಕ್ಕೆ ಹೆಚ್ಚು ಹಿತ. ಬೊಗಸೆಯಂತೆ ಬಾಗಿದ ದೊಡ್ಡ ಬ್ಲೇಡು ಒಮ್ಮೆಗೆ ತುಂಬಾ ಜಲ್ಲಿಯನ್ನು ಹೊತ್ತೊಯ್ಯುತ್ತದೆ, ಮೆತ್ತನೆಯ ನೆಲಕ್ಕೆ ಅದು ಬೇಡದ ಶಕ್ತಿ.

ತುದಿ ಯಾವ ಆಕಾರದಲ್ಲಿ ಮುಂದುವರಿಯಬೇಕು ಎಂಬುದೂ ಡೋಜರ್‌ನ ಕೈಯಲ್ಲೇ ಇದೆ. ತೀರ ಕೆಸರಾಗಿ, ಜಲ್ಲಿಯ ಮುಂದೆ ಮಣ್ಣು ಉಬ್ಬುವ ಕಡೆ ಮೊದಲು ಎರಡು ಅಂಚುಗಳನ್ನು ಮುಂದೆ ಒಯ್ದು ನಡುವನ್ನು ಹಿಂದೆ ಬಿಡಬೇಕು. ಅಂಚಿನ ಭಾರ ಬಟ್ಟೆಯನ್ನು ಹಿಡಿದು ಬಿಗಿಗೊಳಿಸುತ್ತದೆ, ಕೆಸರು ಪಕ್ಕಕ್ಕೆ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಮಣ್ಣು ಉಬ್ಬದಷ್ಟು ಗಟ್ಟಿಯಿರುವ ಕಡೆ ಇದಕ್ಕೆ ವಿರುದ್ಧವಾಗಿ ನಡುವೆ ಮುಂದೆ ಹೋಗಿ ಅಂಚುಗಳಿಗೆ ಹರಡುವುದು ಸರಿ. ಸುಕ್ಕುಗಳು ತಾವಾಗಿ ಹೊರಕ್ಕೆ ಸರಿದುಹೋಗುತ್ತವೆ. ಲೋಡರ್‌ನಲ್ಲಿ ಇಂಥ ಆಕಾರ ಕಾಯ್ದುಕೊಳ್ಳುವುದು ಕಷ್ಟ, ಎಕ್ಸ್‌ಕವೇಟರ್‌ನಲ್ಲಿ ಸುಲಭ ಆದರೆ ನಿಧಾನ.

ಈಗ ಬಟ್ಟೆಯ ವಿಚಾರಕ್ಕೆ ಬರಬಹುದು. ರಸ್ತೆಯ ಒಂದು ಭಾಗದಲ್ಲಿ ಚಪ್ಪಟೆ ಪಟ್ಟಿಗಳಿಂದ ನೇಯ್ದ ಪಾಲಿಪ್ರೊಪಿಲೀನ್ ಬಟ್ಟೆ, ಇನ್ನೊಂದರಲ್ಲಿ ಸೂಜಿಗಳಿಂದ ಚುಚ್ಚಿ ಎಳೆಗಳನ್ನು ಹೆಣೆದ, ಕಂಬಳಿಯ ಮೈಯ, ನೇಯದ ಬಟ್ಟೆ ಇತ್ತು. ಗುಂಡಿಗಳ ಜಲ್ಲಿಯನ್ನು ಕೈಯಿಂದಲೇ ತೆಗೆದು, ಬಟ್ಟೆಯ ಮೇಲಿನ ಪುಡಿಯನ್ನು ನೀರು ಚೆಲ್ಲಿ ತೊಳೆದು ನೋಡಿದೆವು. ನೇಯದ ಬಟ್ಟೆಯಲ್ಲಿ ಪ್ರತಿಯೊಂದು ದಪ್ಪ ಕಲ್ಲೂ ತನ್ನ ಮೂಲೆಯ ಅಚ್ಚನ್ನು ಗುಳಿಯಾಗಿ ಒತ್ತಿತ್ತು, ಆದರೆ ಬೆಳಕಿಗೆ ಹಿಡಿದಾಗ ತೂತು ಅಪರೂಪ. ಎಳೆಗಳು ಹಿಗ್ಗಿ ದಾರಿ ಮಾಡಿಕೊಟ್ಟಿದ್ದವು. ನೇಯ್ದ ಬಟ್ಟೆಯಲ್ಲಿ ಗುಳಿಗಳು ಕಡಿಮೆ, ಮೇಲ್ಮೈ ಹೆಚ್ಚು ಬಿಗಿ, ಆದರೆ ಚೂಪು ಮೂಲೆ ಬಿದ್ದ ಕೆಲವೆಡೆ ಪಟ್ಟಿಗಳು ಅತ್ತಿತ್ತ ಸರಿದು ಸಂದಿ ಬಿಟ್ಟಿದ್ದವು. ಎಂ 288 ಮಾನಕದ ಮೊದಲ ದರ್ಜೆಯಲ್ಲಿ ನೇಯ್ದದ್ದರಂತೆ ಶೇಕಡ 50ಕ್ಕಿಂತ ಕಡಿಮೆ ಹಿಗ್ಗುವ ಬಟ್ಟೆಗೆ 1400 ನ್ಯೂಟನ್ ಹಿಡಿತಬಲ (ಹಿಡಿದು ಎಳೆದಾಗ ಹರಿಯದೆ ತಡೆದುಕೊಳ್ಳುವ ಬಲ) ಬೇಕು, ನೇಯದ್ದರಂತೆ ಹೆಚ್ಚು ಹಿಗ್ಗುವುದಕ್ಕೆ 900 ನ್ಯೂಟನ್ ಸಾಕೆಂದು ಇರುವುದರ ಕಾರಣ ಈ ಎರಡು ಗುಂಡಿಗಳನ್ನು ಅಕ್ಕಪಕ್ಕ ನೋಡಿದರೆ ಅರ್ಥವಾಗುತ್ತದೆ. ನೀರಿನ ವಿಷಯದಲ್ಲಿ ನೇಯದ ಬಟ್ಟೆಯೇ ಮುಂದು: ಡೋಜರ್ ಓಡಾಡಿದಂತೆ ಹಿಂಡಿದ ನೀರು ಅದರ ಮೂಲಕ ಜಲ್ಲಿಗೆ ಏರಿಬರುತ್ತಿತ್ತು, ಚಪ್ಪಟೆ ಪಟ್ಟಿಯ ಬಟ್ಟೆಯಡಿ ಅದು ಹೆಚ್ಚು ಕಾಲ ಸಿಕ್ಕಿಕೊಂಡಿತ್ತು. ಆದರೂ ಭಾರ ಹೊರುವುದೇ ಮುಖ್ಯವಾದರೆ ನಾನು ನೇಯ್ದದ್ದನ್ನೇ ಆರಿಸುವೆ. ಗಮನಿಸಬೇಕಾದ ಅಂಶವೆಂದರೆ, ಲೋಡರ್ ತಿರುಗಿದ ಜಾಗದಲ್ಲಿ ಎರಡೂ ಬಗೆಯ ಬಟ್ಟೆಗಳು ಹರಿದಿದ್ದವು, ಬ್ಲೇಡ್ ಎತ್ತಿ ಓಡಿಸಿದ ಡೋಜರ್‌ನ ಅಡಿಯಲ್ಲಿ ಎರಡೂ ಕೆಲಸಕ್ಕೆ ಸಾಕಾಗುವಷ್ಟು ಉಳಿದಿದ್ದವು.

ಹಾಸಿದ ಬಟ್ಟೆಯನ್ನು ಬಿಸಿಲಿಗೆ ಬಿಟ್ಟು ಕಾಯಿಸಬಾರದು. 14 ದಿನಗಳೊಳಗೆ ಮುಚ್ಚಬೇಕೆಂಬುದು ಮಾನಕದ ಮಿತಿ. ಒಂದು ದಿನ ಡೋಜರ್ ಮುಚ್ಚಬಲ್ಲಷ್ಟನ್ನೇ ಆ ದಿನ ಬಿಚ್ಚುವುದು ಅದಕ್ಕಿಂತ ಒಳ್ಳೆಯ ಮಿತಿ, ಗಾಳಿಗೂ ಮಳೆಗೂ ಅದೇ ಉತ್ತರ.

ದಮ್ಮಸ್ಸಿನ ಹಂತದಲ್ಲಿ ಎಲ್ಲ ಭಾಗಗಳಿಗೂ ಒಂದೇ ನಿಯಮ ಅನ್ವಯಿಸಿತು. ನೀರು ತುಂಬಿದ ಜೇಡಿಯ ಮೇಲಿನ ಮೊದಲ ಪದರಕ್ಕೆ ಕಂಪನದ ರೋಲರ್ ಹಾಕಿದರೆ ನೀರು ಮೇಲೆ ಚಿಮ್ಮಿ ನೆಲ ಇನ್ನಷ್ಟು ಮೆತ್ತಗಾಗುತ್ತದೆ. ಮೊದಲ ಪದರಕ್ಕೆ ಡೋಜರ್‌ನ ಚೈನೇ ರೋಲರ್, ಕಂಪನವೇನಿದ್ದರೂ ಎರಡನೆಯ ಪದರದಿಂದ ಮುಂದಕ್ಕೆ. ಜಾಡು ಮೂಡಿದಾಗ ಪಕ್ಕದ ಉಬ್ಬನ್ನು ಬ್ಲೇಡಿನಿಂದ ಕೆರೆದು ತಗ್ಗಿಗೆ ತುಂಬುವ ಆಸೆ ಡೋಜರ್ ಆಪರೇಟರ್‌ಗಳಿಗೆ ಬಹಳ. ಉಬ್ಬಿದ ಕಡೆ ಬಟ್ಟೆಯೂ ಮೇಲಕ್ಕೆ ಬಂದಿರುತ್ತದೆ. ಅಲ್ಲಿ ಕೆರೆದರೆ ಜಲ್ಲಿ ಅತ್ಯಂತ ತೆಳುವಾಗುವುದು ಬಟ್ಟೆ ಅತ್ಯಂತ ಮೇಲಿರುವ ಜಾಗದಲ್ಲಿಯೇ. ತಗ್ಗಿಗೆ ಹೊಸ ಜಲ್ಲಿಯನ್ನೇ ತಂದು ತುಂಬಬೇಕು, ಮತ್ತು ಜಾಡು 75 ಮಿಲಿಮೀಟರ್ ದಾಟುತ್ತಿದ್ದರೆ ಟಿಪ್ಪರ್‌ನ ಹೊರೆ ಇಳಿಸಬೇಕು ಇಲ್ಲವೇ ಪದರದ ದಪ್ಪ ಹೆಚ್ಚಿಸಬೇಕು.